ಪಡಸಾಲೆ ಮುಚ್ಚಿದ ವರ್ಷ

"ಏ ಹಲ್ಕಟ್ ರಂಡೇರಾ, ಮ್ಯಾಲ ಹತ್ತಿ ಮಲ್ಕೊಂಡೀರೇನು? ಕೊಡತಿ ಸಪ್ಪಳಾನೇ ಕೇಳ್ಸವಲ್ದು. ಮಳಿಗಾಲದಾಗ ಮಾಳಿಗಿ ಸೋರ್ತಂದ್ರ ನಿಮ್ಮ ಚರ್ಮಾನೇ ಸುಲ್ದು ಹೊಚ್ಚಸ್ತೀನಿ!"

ಶಾಲೆಯ ಅಂಗಳದಲ್ಲಿ ಛತ್ರಿ ಹಿಡಿದು ನಿಂತು ಕೂಗಿದವನು ಹಾವಗೆಪ್ಪ ಸಾವಕಾರ. ಭಾಲ್ಕಿ ಪೇಟೆಯಲ್ಲಿ ಅವನದು ಕಾಳಿನ ವ್ಯಾಪಾರ. ಶಾಲೆಯ ಹಿಂದೆಯೇ ಅವನ ಗೋದಾಮು ಮತ್ತು ಮನೆ. ಆ ವರ್ಷ ಶಾಲೆಯ ಕಟ್ಟಡ ಕಮಿಟಿಗೆ ಅವನೇ ಅಧ್ಯಕ್ಷನಾಗಿದ್ದ.

ಮಾಳಿಗೆಯ ಮೇಲೆ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದ ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ. ನಿಜಾಮನ ಕಾಲದ ಹಳೆಯ ಗಚ್ಚು ಕಿತ್ತು ಹೊಸ ಸುಣ್ಣದ ಗಾರೆ ಹಾಸಲಾಗಿತ್ತು. ಅದು ಕಲ್ಲಿನಂತೆ ಬಿಗಿಯುವವರೆಗೆ ಮರದ ಕೊಡತಿಯಿಂದ ಬಡಿಯುತ್ತ, ಬಡಿಯುತ್ತ ಹಿಂದಕ್ಕೆ ಸರಿಯಬೇಕು. ಅವತ್ತಿಗೆ ಐದನೆಯ ದಿನ. ಶಾಲುಬಾಯಿಯ ಬೆರಳಸಂದಿಯ ಚರ್ಮ ಸುಣ್ಣಕ್ಕೆ ಬೆಂದು ಬಿಳುಚಿ ಬಿರಿದಿತ್ತು.

"ಸಾವಕಾರ್ರೆ, ನೀರ ಹೊಡಿಲಿಕ್ಕಿ ನಾನೇ ನಿಂದ್ರಿಸಿದ್ದೆ," ಎಂದು ಮೇಲಿನಿಂದ ಮೇಸ್ತ್ರಿ ಕರೀಮ ಸಾಬ ಹೇಳಿದ.

"ನೀ ಇವರ ವಕಾಲತ್ತ ಮಾಡಬ್ಯಾಡ ಸಾಬ. ಹೊಲೇರ ಹೆಂಗಸರು ಕಣ್ಣ ಮುಂದ ಇದ್ದರ ಕೆಲಸ, ಕಣ್ಣ ತಪ್ಪಿದ್ರ ಗಪ್ಪಾ."

ಅವನು ಹೋದ ಮೇಲೆ ಕರೀಮ ಸಾಬ ಕೊಡ ಎತ್ತಿ ಒಬ್ಬೊಬ್ಬರ ಬೊಗಸೆಗೂ ನೀರು ಹೊಯ್ದ. ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಶ್ರಮದಾನ ಅಂದಿದ್ದರು. ಮೊದಲ ದಿನ ಪೇಟೆಯವರು ಕೊರಳಿಗೆ ಹಾರ ಹಾಕಿಕೊಂಡು ಒಂದೊಂದು ಬುಟ್ಟಿ ಮಣ್ಣು ಹೊತ್ತು ಭಾಷಣ ಮಾಡಿ ಹೋಗಿದ್ದರು. ಎರಡನೆಯ ದಿನದಿಂದ ದಾನ ಮಾಡುವುದು ಹೊಲಗೇರಿಯ ಪಾಲಿಗೆ ಬಂದಿತ್ತು.

"ನಿನ್ನ ಮಗಳ ಸಲುವಾಗಿ ನಾವೂ ಸಾಯ್ಬೇಕಾತಲ್ಲ ಶಾಲೂ," ಎಂದಳು ಪಕ್ಕದ ಅನುಸೂಯಾಬಾಯಿ, ಬೇಸರವಿಲ್ಲದೆ.

"ನನ್ನ ಮಗಳ ಸಲುವಾಗಿ ಯಾಕಕ್ಕಾ? ನಿನ್ನ ಮೊಮ್ಮಗಾನೂ ನಾಳಿಗಿ ಒಳಗ ಕೂಡ್ತಾನ."

ಮಕ್ಕಳನ್ನು ಒಳಗೆ ಕೂಡಿಸುತ್ತಾರೆಂಬ ಮಾತಿನ ಮೇಲೆಯೇ ಹನ್ನೊಂದು ಜನ ಮಾಳಿಗೆ ಹತ್ತಿದ್ದರು.

ಶಾಲೆಗೆ ಆಗ ಇದ್ದದ್ದು ಮೂರು ಖೋಲಿ, ಮುಂದೆ ಉದ್ದಕ್ಕೆ ತೆರೆದ ಒಂದು ಪಡಸಾಲೆ. ಕೇರಿಯ ಆರು ಮಕ್ಕಳ ಹೆಸರು ಪಟ್ಟಿಯಲ್ಲಿತ್ತು, ಆದರೆ ಅವರು ಕೂರುವುದು ಪಡಸಾಲೆಯಲ್ಲಿ. ಶಾಲುಬಾಯಿಯ ಮಗಳು ಮೀರಾ ಮೂರನೆಯ ತರಗತಿ. ಅವಳು ಪಡಸಾಲೆಗೆ ತೆರೆದ ಕಿಟಕಿಯ ಕೆಳಗೆ ಗೋಣಿತಟ್ಟು ಹಾಸಿಕೊಂಡು, ಮೊಳಕಾಲೂರಿ ಎದ್ದು ಒಳಗಿನ ಹಲಗೆ ನೋಡುತ್ತಿದ್ದಳು. ಕುತುಬೋದ್ದೀನ ಮಾಸ್ತರರು ಹಲಗೆಯನ್ನು ಕಿಟಕಿಯ ಕಡೆ ಒಂದಿಷ್ಟು ಓರೆ ಮಾಡಿ ಇಡುತ್ತಿದ್ದರು. ಅವರು ಅದುವರೆಗೆ ಉರ್ದುವಿನಲ್ಲಿ ಕಲಿಸಿದವರು. ನಾಡು ಮೈಸೂರಿಗೆ ಸೇರಿದ ಮೇಲೆ ಕನ್ನಡದಲ್ಲಿ ಕಲಿಸಬೇಕೆಂದು ಹುಕುಂ ಬಂತು. ಹಗಲು ಮಕ್ಕಳಿಗೆ ಕಲಿಸುವ ಪಾಠವನ್ನು ಮುಂಜಾನೆ ತಾವು ಕಲಿತುಕೊಂಡು ಬರುತ್ತಿದ್ದರು. ಎಲ್ಲಾದರೂ ತಡವರಿಸಿದರೆ ಕಿಟಕಿಯ ಆಚೆಯಿಂದ ಮೀರಾ ಮೆಲ್ಲಗೆ ಹೇಳಿಕೊಡುತ್ತಿದ್ದಳು. "ಶಾಬಾಸ್ ಬೇಟಿ," ಅನ್ನುತ್ತಿದ್ದರು.

ದೀಪಾವಳಿ ಆದ ಮೇಲೆ ಕಮಿಟಿಯವರು ಮೈಸೂರು ಕಡೆಯ ಓವರಸಿಯರನೊಬ್ಬನನ್ನು ಕರೆದುಕೊಂಡು ಕೇರಿಯ ಬಾಯಿಗೆ ಬಂದಿದ್ದರು. ಆಳು ಬೇಕಾಗಿತ್ತು. ಓವರಸಿಯರ ಇನ್ನೂ ಎಳೆಯ ವಯಸ್ಸಿನವನು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ನಕ್ಷೆ ಬಿಡಿಸಿ ಜನರನ್ನೆಲ್ಲ ಹತ್ತಿರ ಕರೆದ. ನಕ್ಷೆಯ ಮೇಲೆ ಕನ್ನಡದಲ್ಲಿ ಬರೆದಿತ್ತು. ಹಾವಗೆಪ್ಪನಿಗೆ ಬರುತ್ತಿದ್ದದ್ದು ವ್ಯಾಪಾರದ ಲೆಕ್ಕ ಬರೆಯುವ ಮರಾಠಿಯ ಮೋಡಿ ಅಕ್ಷರ ಮಾತ್ರ. ಅವನು ಬಗ್ಗಿ ನೋಡಿ, ಗಂಟಲು ಸರಿಮಾಡಿಕೊಂಡು ಸುಮ್ಮನೆ ನಿಂತ. ಹೆಂಗಸರ ಸಂದಿಯಿಂದ ತೂರಿ ಬಂದ ಮೀರಾ ಬೆರಳು ಮುಟ್ಟಿಸದೆ ಗಟ್ಟಿಯಾಗಿ ಓದಿದಳು.

"ಹಳೆಯ ಕೊಠಡಿ. ಪಡಸಾಲೆ. ಬಾವಿ. ಹೊಸ ಕೊಠಡಿ ಒಂದು. ಹೊಸ ಕೊಠಡಿ ಎರಡು."

"ಭಲೇ! ಯಾರ ಮಗುವಮ್ಮ ಇದು?" ಓವರಸಿಯರನಿಗೆ ಖುಷಿಯಾಗಿತ್ತು. "ನೋಡಿ, ಹಿಂದುಗಡೆ ಎರಡು ಕೊಠಡಿ ಬರುತ್ತೆ. ಎಲ್ಲ ಮಕ್ಕಳೂ ಒಳಗೆ ಕೂತ್ಕೋಬಹುದು."

"ನಾವೂ ಏನ್ರಿ?" ಮೀರಾ ಕೇಳಿದಳು.

"ನೀವೂ ಕಣಮ್ಮ. ಎಲ್ಲರೂ ಅಂದ್ರೆ ನೀವಿಲ್ದೆ ಹೇಗೆ?"

ಹಾವಗೆಪ್ಪ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಜನ ಓವರಸಿಯರನ ಮಾತು ನಂಬಿದರು. ಶಾಲುಬಾಯಿಯ ಗಂಡ ಮಾಣಿಕ ಕೆಂಪು ಕಲ್ಲಿನ ಖಣಿಯಲ್ಲಿ ಕಲ್ಲು ಕಡಿಯುವವನು. ಅವತ್ತೇ ಹೇಳಿದ, "ಸಾಲಿ ಕಲ್ಲ ನಾ ಕಡದ ಕೊಡ್ತೇನ್ರಿ ಸಾಬ್ರ. ದುಡಿಮಿ ನಂದಿರ್ಲಿ."

ಗಚ್ಚು ಮುಗಿದ ಎಂಟು ದಿನಕ್ಕೆ ಶಾಲುಬಾಯಿ ಮಣ್ಣು ಹೊರಲು ಹೋದಾಗ, ಗೌಂಡಿಗಳು ಹಿಂಭಾಗದಲ್ಲಿ ಅಲ್ಲ, ಮುಂದೆ ಪಡಸಾಲೆಯ ಅಂಚಿನ ಗುಂಟ ದಾರ ಕಟ್ಟಿ ಅಗೆಯುತ್ತಿದ್ದರು. ಮೀರಾ ಊಟದ ಗಂಟು ತಂದಿದ್ದಳು.

"ಸಾಬ್ರ, ಇಲ್ಲಿ ಯಾಕ ಅಗೀಲತ್ತೀರಿ?" ಶಾಲುಬಾಯಿ ಕೇಳಿದಳು.

ಕರೀಮ ಸಾಬ ಅಂಗಿಯೊಳಗಿಂದ ಒಂದು ಕಾಗದ ತೆಗೆದ. "ನಕ್ಷಾ ಬದಲಾಗ್ಯಾದಂತ ಬಾಯಿ. ಆ ಓವರಸಿಯರಗ ಬದ್ಲಿ ಆತು. ನನಗ ಈ ಅಕ್ಷರ ಬರೂದಿಲ್ಲ. ಬೇಟಿ, ಓದಿ ಹೇಳು, ಸಾವಕಾರ ಹೇಳಿದ್ದ ಖರೇನೋ ಏನೋ."

ಮೀರಾ ಗಂಟು ಕೆಳಗಿಟ್ಟು, ಕೈ ಲಂಗಕ್ಕೆ ಒರಸಿಕೊಂಡು ಕಾಗದ ಹಿಡಿದಳು. "ಹಳೆಯ ಕೊಠಡಿ. ಬಾವಿ. ಹೊಸ ಕೊಠಡಿ." ಮತ್ತೆ ಮೊದಲಿನಿಂದ ಓದಿದಳು. ಕಾಗದ ತಿರುಗಿಸಿ ಹಿಂಬದಿ ನೋಡಿದಳು.

"ಯವ್ವಾ, ಇದ್ರಾಗ ಪಡಸಾಲಿ ಇಲ್ಲ."

ಹಿಂದೆ ಎರಡು ಖೋಲಿ ಬರಬೇಕಾದರೆ ಹಾವಗೆಪ್ಪನ ಹಿತ್ತಲಲ್ಲಿ ನಾಲ್ಕು ಮಾರು ಜಾಗ ಬಿಡಬೇಕಿತ್ತು. ಅವನು ಬಿಡಲಿಲ್ಲ. ಪಡಸಾಲೆಗೆ ಗೋಡೆ ಎಬ್ಬಿಸಿ, ಒಳಗಿನ ಗೋಡೆ ಕೆಡವಿದರೆ ಖೋಲಿಗಳೇ ದೊಡ್ಡದಾಗುತ್ತವೆ ಎಂದು ಬೀದರಿಗೆ ಬರೆದು ಮಂಜೂರಿ ತರಿಸಿದ್ದ. ಮಕ್ಕಳು ರಸ್ತೆ ನೋಡುತ್ತ ಕೂರಬಾರದೆಂದು ಹೊಸ ಗೋಡೆಯ ಕಿಟಕಿಗಳನ್ನು ಆಳೆತ್ತರಕ್ಕೂ ಮೇಲೆ ಇಡಿಸಿದ್ದ.

ಶಾಲುಬಾಯಿ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಗೋದಾಮಿನ ಮುಂದೆ ಹೋಗಿ ನಿಂತಳು.

"ಸಾವಕಾರ್ರೆ, ನಮ್ಮ ಹುಡುಗ್ರು ಎಲ್ಲಿ ಕೂಡಬೇಕ್ರಿ?"

ಹಾವಗೆಪ್ಪ ತಕ್ಕಡಿಯಿಂದ ಕಣ್ಣು ಕೀಳಲಿಲ್ಲ. "ಇಷ್ಟ ದಿನ ಎಲ್ಲಿ ಕೂತಿದ್ರು?"

"ಪಡಸಾಲ್ಯಾಗ್ರಿ."

"ಪಡಸಾಲಿ ಈಗ ಖೋಲಿ ಆತು. ಖೋಲಿ ಒಳಗ ನಿಮ್ಮ ಹುಡುಗ್ರು ಬಂದ್ರ ಪೇಟಿ ಹುಡುಗ್ರು ಸಾಲಿ ಬಿಡ್ತಾರ. ಆಮ್ಯಾಲ ನಿನ್ನ ಮಗಳಿಗೊಬ್ಬಾಕಿಗೇ ಇಷ್ಟ ದೊಡ್ಡ ಇಮಾರತ ಕಟ್ಟಸ್ಲೇನು? ಮುಂದ ಮ್ಯಾಲಿನ ಅಂತಸ್ತ ಬರ್ತದ, ಆವಾಗ ನೋಡಾಮು."

"ನೀವು ಮಾತ ಕೊಟ್ಟಿದ್ರಿ."

"ಯಾರ ಕೊಟ್ಟಿದ್ದು? ಆ ಮೈಸೂರ ಸೂಳೆಮಗ ಕೊಟ್ಟಿದ್ದ, ಅವನಿಗಿ ಹೋಗಿ ಕೇಳು. ಸರಿ ಆಚಿಗಿ, ನೆಳ್ಳ ಬೀಳ್ತದ ಕಾಳಿನ ಮ್ಯಾಲ."

ಮಾಣಿಕ ಕಲ್ಲು ಕಡಿಯುವುದು ನಿಲ್ಲಿಸಿದ. ಅಷ್ಟರಲ್ಲಿ ಗೋಡೆಗೆ ಬೇಕಾದಷ್ಟು ಕಲ್ಲು ಬಂದು ಬಿದ್ದಿತ್ತು. ಗೋಡೆ ಎದ್ದ ಮೇಲೂ ಒಂದು ರಾಶಿ ಮಿಕ್ಕಿತು. ಅದನ್ನು ಯಾರೂ ತೆಗೆಸಲಿಲ್ಲ. ಗೋಡೆಗೆ ಆನಿಸಿದಂತೆ ಅಲ್ಲೇ ಬಿದ್ದಿತ್ತು.

ಜೂನಿನಲ್ಲಿ ಶಾಲೆ ತೆರೆಯಿತು. ಕೇರಿಯ ಆರು ಮಕ್ಕಳು ಗೋಣಿತಟ್ಟು ಹಿಡಿದು ಹೋಗಿ ಹೊಸ ಗೋಡೆಯ ಹೊರಗೆ ಬಿಸಿಲಲ್ಲಿ ಕೂತರು. ಮೇಲಿನ ಕಿಟಕಿಯಿಂದ ಮಾಸ್ತರರ ದನಿ ಬರುತ್ತಿತ್ತು, ಹಲಗೆ ಕಾಣುತ್ತಿರಲಿಲ್ಲ. ವಾರದೊಳಗೆ ನಾಲ್ಕು ಮಕ್ಕಳು ದನ ಕಾಯಲು ಹೋದವು. ಹದಿನೈದು ದಿನಕ್ಕೆ ಅನುಸೂಯಾಬಾಯಿಯ ಮೊಮ್ಮಗನೂ ಬಿಟ್ಟ. ಮೀರಾ ಒಬ್ಬಳೇ ಉಳಿದಳು.

"ನೀನೂ ಬಿಡು ನನ್ನವ್ವಾ," ಎಂದಳು ಶಾಲುಬಾಯಿ, ಅವಳ ತಲೆ ಬಾಚುತ್ತ. "ಹಿಂಗ ಬಿಸಲಾಗ ಕೂತು ಏನ್ ಕಲೀತಿ?"

"ಲೆಕ್ಕ ಕೇಳಿದ್ರ ತಿಳ್ಯೂದಿಲ್ಲವ್ವ, ನೋಡಬೇಕು. ನಾ ಕಲ್ಲ ಮ್ಯಾಲ ಹತ್ತಿ ನೋಡ್ತೇನಿ. ಮಾಸ್ತರ್ಗಿ ಗೊತ್ತದ. ಬಡಿಯೂದಿಲ್ಲ ಅವರು."

"ಬೀಳ್ತಿ."

"ಬೀಳೂದಿಲ್ಲ. ಅಪ್ಪ ಕಡದ ಕಲ್ಲ ಅವ, ಚೌಕ ಅದಾವ."

ಶಾಲುಬಾಯಿಗೆ ನಗು ಬಂತು. ಬೇಡ ಅನ್ನುವುದು ಅಲ್ಲಿಗೇ ಉಳಿಯಿತು.

ಮೂರು ದಿನ ಜಿಟಿಜಿಟಿ ಮಳೆ ಹಿಡಿದು ನಾಲ್ಕನೆಯ ದಿನ ಹೊಳವಾಯಿತು. ಅವತ್ತು ಮಧ್ಯಾಹ್ನ ಮೀರಾ ರಾಶಿಯ ತುದಿ ಹತ್ತಿ, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮಳೆಗೆ ಬುಡದ ಮಣ್ಣು ಸಡಿಲಾಗಿತ್ತು. ಒಳಗೆ ಮಾಸ್ತರರು ಭಾಗಾಕಾರ ಬರೆದು ತಿರುಗಿದಾಗ ಕಿಟಕಿಯಲ್ಲಿ ಇದ್ದ ಮುಖ ಇರಲಿಲ್ಲ. ಕಲ್ಲು ಉರುಳಿದ ಸದ್ದು ಆಮೇಲೆ ಕೇಳಿತು.

ಶಾಲುಬಾಯಿ ಓಡಿ ಬರುವಷ್ಟರಲ್ಲಿ ಕುತುಬೋದ್ದೀನ ಮಾಸ್ತರರು ಕಲ್ಲುಗಳನ್ನು ಸರಿಸಿ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಎದೆಯ ಮೇಲೆ ಕಲ್ಲು ಬಿದ್ದಿತ್ತು. ಉಸಿರು ಬರುತ್ತಿತ್ತು, ಬಾಯಿಯ ಅಂಚಿನಲ್ಲಿ ಒಂದೆಳೆ ರಕ್ತ.

"ಬೀದರಿಗಿ ಒಯ್ಯಬೇಕು, ಜಲ್ದಿ, ಟ್ರೇನ್ ಅದ," ಎಂದು ಅವರು ಕೂಗುತ್ತಿದ್ದರು. ಹಾವಗೆಪ್ಪನ ಎತ್ತಿನ ಗಾಡಿ ಗೋದಾಮಿನ ಮುಂದೆ ಹೂಡಿಯೇ ನಿಂತಿತ್ತು. ಮಾಸ್ತರರು ಹೋಗಿ ಬೇಡಿದರು.

"ಗಾಡ್ಯಾಗ ಕಾಳಿನ ಚೀಲ ಅದಾವ ಮಾಸ್ತರ. ಹೊಲೇರ ಕೂಸಿನ ರಕ್ತ ಹತ್ತಿದ್ರ ಆ ಕಾಳ ಯಾರ ತಗೋತಾರ? ಮಂಗ್ಯಾನಂಗ ಗ್ವಾಡಿ ಹತ್ತು ಅಂತ ಅಕೀಗಿ ಯಾರ ಹೇಳಿದ್ರು?"

ಮಾಣಿಕ ಮಗಳನ್ನು ಎದೆಗೆ ಆನಿಸಿಕೊಂಡು ಸ್ಟೇಶನ್ನಿಗೆ ನಡೆದ. ಟ್ರೇನು ಹೊತ್ತಾಗಿ ಬಂತು. ಡಬ್ಬಿಯಲ್ಲಿ ಮೀರಾ ಒಮ್ಮೆ ಕಣ್ಣು ತೆರೆದು, "ಯವ್ವಾ, ನನ್ನ ತಟ್ಟ ಅಲ್ಲೇ ಉಳೀತು," ಎಂದಳು. "ನಾ ತರ್ತೇನಿ ನನ್ನ ಕೂಸಾ," ಎಂದಳು ಶಾಲುಬಾಯಿ. ಹಲಬರ್ಗಾ ದಾಟಿದ ಮೇಲೆ ಕೈಯಲ್ಲಿದ್ದ ಆ ಸಣ್ಣ ಕೈ ತಣ್ಣಗಾಯಿತು. ಶಾಲುಬಾಯಿ ಯಾರಿಗೂ ಹೇಳಲಿಲ್ಲ. ಅತ್ತರೆ ಡಬ್ಬಿಯಲ್ಲಿದ್ದವರು ನಡುವೆಯೇ ಇಳಿಸಿಬಿಡುತ್ತಾರೆಂದು, ಸೆರಗು ಹೊದಿಸಿ, ಮಲಗಿದ ಕೂಸನ್ನು ತಟ್ಟುವ ಹಾಗೆ ತಟ್ಟುತ್ತ ಬೀದರಿನವರೆಗೂ ಕೂತಳು. ಎದುರಿಗೆ ಕೂತ ಮಾಣಿಕನಿಗೆ ತಿಳಿದಿತ್ತು.

ಅದಾಗಿ ತಿಂಗಳು ಕಳೆದಿರಬೇಕು. ಒಂದು ಸಂಜೆ ಹಾವಗೆಪ್ಪ ಶಾಲೆಯ ಜವಾನ ಮಡೆಪ್ಪನನ್ನು ಹಿಂದಿಟ್ಟುಕೊಂಡು ಕೇರಿಯ ಬೇವಿನ ಮರದವರೆಗೆ ಬಂದ. ಶಾಲುಬಾಯಿಯನ್ನೂ ಅವಳ ಮೈದುನ ನರಸಿಂಗನನ್ನೂ ಕರೆಸಿದ.

"ನಾಳಿಗಿ ಇನಸ್ಪೆಕ್ಟರ್ ಸಾಹೇಬ್ರು ಬರ್ತಾರ. ಮ್ಯಾಲಿನ ಅಂತಸ್ತಿನ ಮಂಜೂರಿ ಅವರ ಕೈಯಾಗದ. ನಿಮ್ಮ ಹುಡುಗ್ರಿಗೆಲ್ಲ ಜಳಕಾ ಮಾಡ್ಸಿ ಕಳಸ್ರಿ. ನಾಳಿಗೊಂದ ದಿನ ಒಳಗ ಕೂಡ್ಲಿ."

ಅವನು ನರಸಿಂಗನ ಕಡೆ ತಿರುಗಿದ.

"ಮತ್ತ, ನಾಲ್ಕನೇ ತರಗತಿಗಿ ನಾಲ್ವತ್ತ ಹುಡುಗ್ರು ಇರಬೇಕಂತ ಕಾಯ್ದಾ ಅದ. ಪಟ್ಟ್ಯಾಗ ನಾಲ್ವತ್ತ ಅದಾರ, ಎದುರಿಗಿ ಮೂವತ್ತೊಂಬತ್ತ. ನರಸಿಂಗಾ, ನಿನಗ ಒಂದ ಹೆಣ್ಣದ ಅಲ್ಲ, ಸುಂದ್ರಾ ಅಂತ? ಅಕೀಗಿ ಕಳಸು. ಮೀರಾಬಾಯಿ ಮಾಣಿಕ ಅಂತ ಕರದ್ರ ಹಾಜರ ಅನ್ನಬೇಕು. ಅಷ್ಟೇ."

ಶಾಲುಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮರ ಹಿಡಿದು ನಿಂತಳು.

"ನನ್ನ ಮಗಳ ಹೆಸರ ಇನ್ನಾ ಅದ ಏನ್ರಿ?"

"ಹೆಸರಿಗೇನು ಸಾವದ ಏನ? ನಿಮ್ಮ ಹುಡುಗ್ರ ಸಲುವಾಗೇ ನಾ ಓಡ್ಯಾಡ್ಲತ್ತೀನಿ. ಮ್ಯಾಲಿನ ಅಂತಸ್ತಾದ್ರ ನಿಮಗೂ ಒಂದ ಮೂಲಿ ಸಿಗ್ತದ. ಕಳಸಲಿಲ್ಲಂದ್ರ ನೋಡ್ರಿ, ಸಾಲಿ ಬೆಳೀಲಾರದಂಗ ಮಾಡಿದವ್ರು ಹೊಲೇರು ಅಂತ ಊರೆಲ್ಲ ಹೇಳ್ತೀನಿ."

ಅವನು ಹೋದ ಮೇಲೆ ಶಾಲುಬಾಯಿ ನೇರ ಕುತುಬೋದ್ದೀನ ಮಾಸ್ತರರ ಮನೆಗೆ ಹೋದಳು. ಮಾಸ್ತರರು ಬಾಗಿಲಲ್ಲಿ ಅವಳನ್ನು ಕಂಡೊಡನೆ ತಲೆ ತಗ್ಗಿಸಿದರು.

"ಮಾಸ್ತರ್ರಿ, ನೀವು ದಿನಾ ಅಕೀ ಹೆಸರ ಕರೀತೀರೇನ್ರಿ?"

"ಕರ್ಯೂದಿಲ್ಲ ಬಾಯಿ. ಕರಿಲಿಕ್ಕಿ ಬಾಯಿ ಬರೂದಿಲ್ಲ. ಹಾಜರ ಅಂತ ಬರೀತೇನಿ."

"ಯಾಕ್ರಿ?"

"ನಾ ಉರ್ದು ಮಾಸ್ತರ. ನನ್ನ ನೌಕ್ರಿ ಈಗೋ ಆಗೋ ಅಂತ ಅದ. ಹೆಸರ ತೆಗದ್ರ ಔರಾದ ಆಚಿಗಿನ ಯಾವ್ದೋ ಹಳ್ಳಿಗಿ ಒಗಸ್ತೀನಿ ಅಂದ್ರು ಸಾವಕಾರ. ಮನ್ಯಾಗ ನನ್ನ ಹೆಂಡತಿ ಕುಬರಾ ಹಾಸಿಗಿ ಹಿಡದಾಳ." ಅವರು ಒಮ್ಮೆ ಒಳಗಿನ ಕಡೆ ನೋಡಿದರು. "ಖುದಾ ನನಗ ಮಾಫ ಮಾಡೂದಿಲ್ಲ, ನೀನೂ ಮಾಡಬ್ಯಾಡ."

ಶಾಲುಬಾಯಿ ಬಯ್ಯಬೇಕೆಂದೇ ಬಂದಿದ್ದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮನುಷ್ಯ ಇವನೇ. ಅದು ನೆನಪಾಗಿ ಬೈಗುಳ ಬರಲಿಲ್ಲ. ಹಿಂದಿರುಗಿದಳು.

ಮನೆಯಲ್ಲಿ ನರಸಿಂಗನ ಹೆಂಡತಿ ಸುಂದ್ರಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಹುಡುಗಿಗೆ ಏಳು ವರ್ಷ. ಶಾಲೆಯ ಒಳಗೆ ಕೂರುವುದೆಂದು ಕುಣಿಯುತ್ತಿತ್ತು. "ದೊಡ್ಡವ್ವಾ, ನಾ ನಾಳಿಗಿ ಮೀರಕ್ಕ!" ಎಂದು ಓಡಿ ಬಂತು. ಶಾಲುಬಾಯಿ ಅದನ್ನು ಎತ್ತಿಕೊಂಡು, ಎಣ್ಣೆಯ ತಲೆಗೆ ಕೆನ್ನೆ ಆನಿಸಿ ಬಹಳ ಹೊತ್ತು ನಿಂತಳು. ಟ್ರೇನಿನಲ್ಲಿ ತಡೆದಿಟ್ಟ ಅಳು ಈಗ ಬಂತು. ಹುಡುಗಿ ಹೆದರಿ ಅಳಲಾರಂಭಿಸಿದ ಮೇಲೆ ಕೆಳಗಿಳಿಸಿದಳು.

"ಇಕೀಗಿ ಕಳಸಬ್ಯಾಡ್ರಿ," ಎಂದಳು. "ಹೆಸರ ಕರದ್ರ ಯಾರ ಓ ಅನ್ನಬೇಕೋ ಅವರೇ ಅಂತಾರ."

ಮರುದಿನ ಅವಳು ಮುಂಜಾನೆಯೇ ತಲೆಗೆ ನೀರು ಹಾಕಿಕೊಂಡಳು. ಒಗೆದ ಸೀರೆ ಉಟ್ಟಳು. ಮಾಣಿಕ ಅವಳ ಹಿಂದೆ ಶಾಲೆಯ ಅಂಗಳದವರೆಗೆ ಬಂದು ಬಾವಿಯ ಹತ್ತಿರ ನಿಂತ.

ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಜವಾನ ಮಡೆಪ್ಪ ಹೊಸ್ತಿಲಲ್ಲಿ ನಿಂತು, "ಏ, ನೀ ಎಲ್ಲಿಗಿ?" ಎಂದ. ಶಾಲುಬಾಯಿ ನಿಲ್ಲಲಿಲ್ಲ. ಸೆರಗು ತಾಗೀತೆಂದು ಅವನೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಕಮಿಟಿಯವರು ಕುರ್ಚಿಗಳಲ್ಲಿ ಕೂತಿದ್ದರು. ಇನಸ್ಪೆಕ್ಟರರ ಕೊರಳಲ್ಲಿ ಹಾರವಿತ್ತು. ಹಿಂದಿನ ಸಾಲಿನಲ್ಲಿ ಕೇರಿಯ ಐದು ಮಕ್ಕಳು ಎಣ್ಣೆ ಹಚ್ಚಿದ ತಲೆ ತಗ್ಗಿಸಿ ಕೂತಿದ್ದವು. ಅವುಗಳ ಪಕ್ಕದ ಖಾಲಿ ಜಾಗದಲ್ಲಿ ಶಾಲುಬಾಯಿ ನೆಲಕ್ಕೆ ಕೂತಳು.

"ಯಾರು ಈಯಮ್ಮ?" ಇನಸ್ಪೆಕ್ಟರರು ಕೇಳಿದರು.

"ಕಸಾ ಹೊಡ್ಯಾಕಿ ಸಾಹೇಬ್ರ," ಎಂದ ಹಾವಗೆಪ್ಪ, ಹಲ್ಲು ಕಚ್ಚಿ. "ಹಾಜರಿ ಆಗ್ಲಿ ಮಾಸ್ತರ."

ಕುತುಬೋದ್ದೀನ ಮಾಸ್ತರರು ಒಂದೊಂದೇ ಹೆಸರು ಕರೆದರು. ಮಕ್ಕಳು ಎದ್ದು ಹಾಜರ್ ಎಂದು ಕೂತವು. ಮೂವತ್ತೊಂದನೆಯ ಹೆಸರಾದ ಮೇಲೆ ಮಾಸ್ತರರ ದನಿ ನಿಂತಿತು. ಇನಸ್ಪೆಕ್ಟರರು ತಮ್ಮ ಮುಂದಿನ ಕಾಗದದಿಂದ ತಲೆ ಎತ್ತಿದರು.

"ಮುಂದೆ?"

ಮಾಸ್ತರರು ಶಾಲುಬಾಯಿಯನ್ನು ನೋಡಿದರು. ಆಮೇಲೆ, ಇಡೀ ಖೋಲಿಗೆ ಕೇಳುವ ಹಾಗೆ ಕರೆದರು.

"ಮೀರಾಬಾಯಿ ಮಾಣಿಕ."

"ಇಲ್ರಿ," ಎಂದಳು ಶಾಲುಬಾಯಿ. ಕೂತಲ್ಲಿಂದ ಏಳಲಿಲ್ಲ. "ಅಕೀ ಸತ್ತು ಮೂವತ್ನಾಕ ದಿನ ಆತ್ರಿ ಸಾಹೇಬ್ರ. ಈ ಗ್ವಾಡಿ ಹೊರಗ, ಕಲ್ಲಿನ ಮ್ಯಾಲ ನಿಂತು, ಒಳಗಿನ ಹಲಗಿ ನೋಡ್ಲಿಕ್ಕಿ ಹೋಗಿ ಬಿದ್ದು ಸತ್ತಾಳ. ಅಕೀ ಅವ್ವ ನಾನು. ಇವರು ನಿತ್ಯ ಅಕೀಗಿ ಹಾಜರ ಬರದಾರ. ಇದ್ದಾಗ ಒಂದ ದಿನಾನೂ ಒಳಗ ಕೂಡಸಲಿಲ್ಲ. ಜಾಗಾ ಖಾಲಿ ಅದ ಅಂತ ನಾ ಕೂತೀನ್ರಿ."

ಇನಸ್ಪೆಕ್ಟರರ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆಯೇ ಉಳಿಯಿತು. "ಏನ್ರಿ ಇದು?" ಎಂದರು, ಯಾರ ಕಡೆಗೂ ನೋಡದೆ.

"ಹುಚ್ಚ ಹಿಡದಾದ್ರಿ ಇದಕ್ಕ. ಮಗಳ ಹೋದಾಗಿಂದ ಹಿಂಗೇ," ಹಾವಗೆಪ್ಪ ಎದ್ದು ನಿಂತ. "ಏ ಮಡೆಪ್ಪಾ, ಎಳದ ಹೊರಗ ಒಗಿ ಈ ರಂಡಿಗಿ!"

ಮಡೆಪ್ಪ ಎರಡು ಹೆಜ್ಜೆ ಒಳಗೆ ಬಂದು ನಿಂತ. ತನ್ನ ಕೈ ನೋಡಿಕೊಂಡ. "ನಾ ಹ್ಯಾಂಗ್ರಿ ಸಾವಕಾರ್ರ? ಈಗ ಪೂಜಾ ಮಾಡಿ ಬಂದೀನಿ."

ಹಾವಗೆಪ್ಪ ಕಮಿಟಿಯವರ ಕಡೆ ತಿರುಗಿದ. ಒಬ್ಬ ಕನ್ನಡಕ ಒರಸತೊಡಗಿದ. ಇನ್ನೊಬ್ಬ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಮಕ್ಕಳು ನೋಡುತ್ತಿದ್ದವು.

"ಏಳು ಅಂತೀನಿ!"

ಶಾಲುಬಾಯಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಇನ್ನಷ್ಟು ಗಟ್ಟಿಯಾಗಿ ಕೂತಳು.

ಹಾವಗೆಪ್ಪ ತಾನೇ ಮುಂದೆ ಬಂದ. ಪಂಚೆ ಎತ್ತಿ ಹಿಡಿದು, ಮಕ್ಕಳ ಸಾಲು ದಾಟಿ, ಬಗ್ಗಿ ಕೈ ಚಾಚಿದ. ಅವಳ ರಟ್ಟೆಗೆ ಒಂದು ಗೇಣು ಉಳಿದಿದ್ದಾಗ ಆ ಕೈ ನಿಂತಿತು. ಐದೂ ಬೆರಳು ಅಗಲಿಸಿಕೊಂಡು, ಗಾಳಿಯಲ್ಲಿ ಹಾಗೆಯೇ ನಿಂತಿತು.